ಗುಮಾಸ್ತರ ಪುಸ್ತಕದಲ್ಲಿ ಒಂದು ಲೆಕ್ಕ, ಕಂಪ್ಯೂಟರ್‌ನಲ್ಲಿ ಇನ್ನೊಂದು: ಯಾವುದನ್ನು ನಂಬಲಿ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ಕಬ್ಬಿಣ, ಪೈಪು, ವೈರು, ಮೊಳೆ ಎಲ್ಲಾ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಏಳು ತಿಂಗಳ ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆ. ಎರಡು ಕಂಪ್ಯೂಟರ್ ತಂದೆ. ಒಂದು ಕೌಂಟರ್‌ನಲ್ಲಿದೆ, ಇನ್ನೊಂದು ನನ್ನ ಕ್ಯಾಬಿನ್‌ನಲ್ಲಿ. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ "ಇನ್ಮೇಲೆ ಒಂದು ಮೊಳೆ ಹೋದ್ರೂ ಗೊತ್ತಾಗುತ್ತೆ" ಅಂತ ಹೇಳಿದ್ದೆ. ಆದರೆ ಇವತ್ತಿಗೂ ಕಂಪ್ಯೂಟರ್‌ನ ಸ್ಟಾಕೇ ಬೇರೆ, ಗೋಡೌನ್‌ನಲ್ಲಿ ಇರುವುದೇ ಬೇರೆ. 8 ಎಂಎಂ ಸರಳು ಮೈನಸ್ ತೋರಿಸುತ್ತಿದೆ. 26 ವರ್ಷದಿಂದ ಇರುವ ನಮ್ಮ ಗುಮಾಸ್ತರು ಈಗಲೂ ಚೀಟಿ ಬರೆದು, ಪುಸ್ತಕಕ್ಕೆ ಏರಿಸಿ, ಸಂಜೆ ಹುಡುಗನ ಕೈಲಿ ಬಿಲ್ ಮಾಡಿಸುತ್ತಾರೆ. ಕೇಳಿದರೆ "ನೋಡೋಣ ತಮ್ಮಾ" ಅಂತಾರೆ. ಬರುವ ವರ್ಷ ಹರಿಹರದಲ್ಲಿ ಬ್ರಾಂಚ್ ತೆಗೆಯುವ ಪ್ಲ್ಯಾನ್ ಇದೆ, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು. ಗುಮಾಸ್ತರನ್ನು ಬಿಡಿಸಬೇಕಾ, ಸಾಫ್ಟ್‌ವೇರ್ ಬದಲಿಸಬೇಕಾ?

ಉತ್ತರ: ಎರಡೂ ಬೇಡ. ಕಡೇಪಕ್ಷ ಮೂರು ತಿಂಗಳು ಬೇಡ. ಯಾಕೆ ಅಂತ ಹೇಳುವುದಕ್ಕೆ ನಿಮ್ಮ 8 ಎಂಎಂ ಸರಳಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ತೊಂದರೆಯ ಬುಡ ಆ ಒಂದು ಐಟಂನಲ್ಲೇ ಕಾಣುತ್ತದೆ.

ಕಬ್ಬಿಣವನ್ನು ನೀವು ತೂಕದಲ್ಲಿ ಕೊಳ್ಳುತ್ತೀರಿ. ಲಾರಿ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಹತ್ತಿ ಇಳಿಯುತ್ತದೆ, ಟನ್ ಲೆಕ್ಕದಲ್ಲಿ ಬಿಲ್ ಬರುತ್ತದೆ. ಮಾರುವಾಗ ಮಾತ್ರ ಮೇಸ್ತ್ರಿ ಬಂದು "ಎಂಟರದ್ದು ಇಪ್ಪತ್ತು ಹಾಕಿ" ಅನ್ನುತ್ತಾರೆ. ಅಲ್ಲಿ ಎಣಿಕೆ. ಒಂದು ಸರಳು 12 ಮೀಟರ್. ತೂಕ ತೆಗೆಯುವ ಸೂತ್ರ ಕಬ್ಬಿಣದ ವ್ಯಾಪಾರದಲ್ಲಿರುವ ಎಲ್ಲರಿಗೂ ಬಾಯಿಪಾಠ: ಎಂಎಂ ಅನ್ನು ಎಂಎಂನಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 8 ಎಂಎಂಗೆ 0.395. ಅಂದರೆ ಒಂದು ಸರಳು 4.74 ಕೆಜಿ. ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಐಟಂ ಮಾಸ್ಟರ್‌ನಲ್ಲಿ (ಪ್ರತಿ ಮಾಲಿನ ಅಳತೆ, ರೇಟು, ತೆರಿಗೆ ಬರೆದಿಡುವ ಪಟ್ಟಿ) ಇದನ್ನೇ ತುಂಬಿ ಹೋಗಿರುತ್ತಾನೆ. ಅವನು ತಪ್ಪು ಮಾಡಿಲ್ಲ. ಸೂತ್ರ ಸರಿಯಾಗಿದೆ.

ಆದರೆ ಮಿಲ್‌ನಿಂದ ಬರುವ ಸರಳು ಸೂತ್ರದ ಪ್ರಕಾರ ಹುಟ್ಟುವುದಿಲ್ಲ. ಸರಳಿಗೆ ಇರುವ ಐಎಸ್ 1786 ಮಾನದಂಡವೇ 10 ಎಂಎಂವರೆಗಿನ ಸರಳಿನ ತೂಕದಲ್ಲಿ ಶೇಕಡ 7ರಷ್ಟು ಹೆಚ್ಚುಕಡಿಮೆಗೆ ಜಾಗ ಕೊಟ್ಟಿದೆ. ಈಗ ಲೆಕ್ಕ ಹಾಕಿ. ಶೇಕಡ 7 ಹಗುರವಾಗಿ ಬಂದರೆ ಒಂದು ಸರಳು 4.41 ಕೆಜಿ. 1 ಟನ್‌ಗೆ 227 ಸರಳು ಸಿಗುತ್ತದೆ. ಅಷ್ಟೂ ಮಾರಿ, ಒಂದೊಂದಕ್ಕೂ 4.74 ಕೆಜಿ ಅಂತ ಕಂಪ್ಯೂಟರ್ ಕಳೆಯುತ್ತಾ ಹೋದರೆ ಒಟ್ಟು 1,076 ಕೆಜಿ ಆಗುತ್ತದೆ. ತಂದಿದ್ದು 1,000, ಮಾರಿದ್ದು 1,076. ಕಂಪ್ಯೂಟರ್ ಮೈನಸ್ 76 ತೋರಿಸುತ್ತದೆ. ಯಾರೂ ಕದ್ದಿಲ್ಲ, ಯಾರೂ ತಪ್ಪು ಬರೆದಿಲ್ಲ. ಮಾಲು ಭಾರವಾಗಿ ಬಂದರೆ ಇದೇ ಲೆಕ್ಕ ತಿರುಗಿ, ಗೋಡೌನ್‌ನಲ್ಲಿ ಇಲ್ಲದ ಕಬ್ಬಿಣ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಆಗ ನಿಮಗೆ ಅನುಮಾನ ಬರುವುದು ಗೋಡೌನ್ ಹುಡುಗರ ಮೇಲೆ.

ಈಗ ಒಂದು ಕೆಲಸ ಮಾಡಿ. ನಿಮ್ಮ ಗುಮಾಸ್ತರ ಪುಸ್ತಕದಲ್ಲಿ ಲೋಡ್ ಇಳಿದ ದಿನದ ಪುಟ ತೆಗೆಸಿ ನೋಡಿ. ಹಳೆಯ ಗುಮಾಸ್ತರು ಹಮಾಲರು ಇಳಿಸುವಾಗಲೇ ಎಣಿಸಿ, ಲಾರಿಯ ತೂಕದ ಪಕ್ಕದಲ್ಲಿ ಎಣಿಕೆಯನ್ನೂ ಬರೆದಿಡುತ್ತಾರೆ. ನಾನು ನೋಡಿದ ಕಬ್ಬಿಣದ ಅಂಗಡಿಗಳಲ್ಲಿ ಹೆಚ್ಚಿನ ಕಡೆ ಇದು ಇತ್ತು. ನಿಮ್ಮಲ್ಲೂ ಇದ್ದರೆ, ಕಂಪ್ಯೂಟರ್‌ಗೆ ಬೇಕಾದ ಉತ್ತರ ಏಳು ತಿಂಗಳಿಂದ ಅದರಿಂದ ನಾಲ್ಕು ಅಡಿ ದೂರದಲ್ಲೇ ಬಿದ್ದಿದೆ ಅಂತ ಅರ್ಥ. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಸರಳಿನದ್ದೇ ಹೀಗೆ, ಉಳಿದದ್ದು ಸರಿ ಇರಬಹುದು ಅಂದುಕೊಳ್ಳಬೇಡಿ. 6 ಮೀಟರ್ ಪೈಪನ್ನು ಗಿರಾಕಿ 20 ಅಡಿ ಅಂತಲೇ ಕೇಳುವುದು. ನಿಜವಾಗಿ ಅದು 19 ಅಡಿ 8 ಇಂಚು. ಕತ್ತರಿಸಿ ಅಡಿ ಲೆಕ್ಕದಲ್ಲಿ ಮಾರಿದರೆ ಪ್ರತಿ ಪೈಪಿಗೂ 4 ಇಂಚು ಕಳೆದುಹೋಗುತ್ತದೆ. ವೈರಿನ ಕಾಯಿಲ್ 90 ಮೀಟರ್. ಕೊನೆಗೆ ಉಳಿಯುವ ಎರಡು ಮೂರು ಮೀಟರ್ ಯಾರಿಗೂ ಬೇಡ, ಮೂಲೆಗೆ ಬೀಳುತ್ತದೆ. ಮೊಳೆ ಮೂಟೆಯಲ್ಲಿ ಬಂದು ಕಾಲು ಕೆಜಿ, ಅರ್ಧ ಕೆಜಿಯಲ್ಲಿ ಹೋಗುತ್ತದೆ. ತಕ್ಕಡಿ ಒಂದೊಂದು ಸಲ ಗಿರಾಕಿ ಕಡೆ ಸ್ವಲ್ಪ ವಾಲುತ್ತದೆ, ವಾಲಬೇಕು ಕೂಡ. ಇವೆಲ್ಲ ಅಂಗಡಿಯ ರೂಢಿ. ಮೂರ್ನಾಲ್ಕು ದಶಕದ ಅಂಗಡಿಯಲ್ಲಿ ಇಂಥ ನೂರು ರೂಢಿ ಇರುತ್ತವೆ. ಅವು ಯಾವ ಕಡತದಲ್ಲೂ ಇಲ್ಲ. ಗುಮಾಸ್ತರ ತಲೆಯಲ್ಲಿ ಮತ್ತು ಗೋಡೌನ್ ಹುಡುಗರ ಕೈಯಲ್ಲಿ ಇವೆ.

ಎರಡನೆಯ ಕಾರಣ ಹೊತ್ತಿನದ್ದು. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ ನಿಮ್ಮ ಕೌಂಟರ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೇಸ್ತ್ರಿ ಬಂದು ನಿಂತಿರುತ್ತಾರೆ. ಸೈಟ್‌ನಲ್ಲಿ ಆರು ಜನ ಕೂಲಿಯವರು ಸುಮ್ನೆ ಕೂತಿರುತ್ತಾರೆ. ಒಂದೊಂದು ನಿಮಿಷಕ್ಕೂ ಮೇಸ್ತ್ರಿಗೆ ಕೂಲಿ ಖರ್ಚು. ಹೊರಗೆ ಆಟೋ ಸ್ಟಾರ್ಟ್ ಆಗಿಯೇ ಇರುತ್ತದೆ. ಅಂಥ ಹೊತ್ತಲ್ಲಿ ಒಂದು ಚೀಟಿ ಬರೆಯಲು ನಿಮ್ಮ ಗುಮಾಸ್ತರಿಗೆ ಹತ್ತು ಸೆಕೆಂಡ್ ಸಾಕು. ಕಂಪ್ಯೂಟರ್‌ನಲ್ಲಿ ಅದೇ ಬಿಲ್‌ಗೆ ಪಾರ್ಟಿ ಹೆಸರು ಹುಡುಕಬೇಕು, ಐಟಂ ಹುಡುಕಬೇಕು, ರೇಟ್ ನೋಡಬೇಕು, ಪ್ರತಿ ಖಾನೆಗೂ ಎಂಟರ್ ಒತ್ತಬೇಕು. ನಡುವೆ ಪ್ರಿಂಟರ್‌ಗೆ ಪೇಪರ್ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಸಾಲಿನಲ್ಲಿ ನಿಂತವರು ಗೊಣಗುವುದು ಸಾಫ್ಟ್‌ವೇರ್ ಮೇಲಲ್ಲ, ಗುಮಾಸ್ತರ ಮೇಲೆ. ಐವತ್ತೈದು ದಾಟಿದ ಮನುಷ್ಯ, ಕನ್ನಡಕ ಮೇಲೆ ಕೆಳಗೆ ಮಾಡುತ್ತಾ ಸಣ್ಣ ಇಂಗ್ಲಿಷ್ ಅಕ್ಷರ ಓದುತ್ತಾ, ಇಪ್ಪತ್ತು ವರ್ಷದಿಂದ ತನ್ನನ್ನು ಗೌರವದಿಂದ ಮಾತಾಡಿಸಿದ ಮೇಸ್ತ್ರಿಗಳ ಎದುರು ತಡವರಿಸಬೇಕು. ಅದಕ್ಕೇ ಅವರು ಚೀಟಿ ಬರೆದು ಮಾಲು ಕಳಿಸುತ್ತಾರೆ, ಸಂಜೆ ಬಿಲ್ ಮಾಡಿಸುತ್ತಾರೆ. ನಿಮ್ಮ ಗಿರಾಕಿಯನ್ನು ಉಳಿಸಿಕೊಟ್ಟಿದ್ದೇ ಆ ಚೀಟಿ.

ಆದರೆ ಅದರಿಂದ ಎರಡು ತೊಂದರೆ ಆಗುತ್ತಿದೆ. ಬೆಳಗ್ಗೆ ಒಂಬತ್ತಕ್ಕೆ ಹೋದ ಮಾಲು ಸಂಜೆ ಐದರವರೆಗೂ ಕಂಪ್ಯೂಟರ್‌ನಲ್ಲಿ ಹಾಗೇ ಇರುತ್ತದೆ. ನೀವು ಮಧ್ಯಾಹ್ನ ಸ್ಟಾಕ್ ನೋಡಿದರೆ ತಾಳೆ ಆಗುವುದು ಸಾಧ್ಯವೇ ಇಲ್ಲ. ಇನ್ನೊಂದು ಕಾನೂನಿನದ್ದು. ಜಿಎಸ್‌ಟಿ ನಿಯಮದ ಪ್ರಕಾರ ಮಾಲು ಹೊರಡುವ ಮೊದಲು ಅಥವಾ ಹೊರಡುವಾಗ ಬಿಲ್ ಆಗಿರಬೇಕು. ಚೀಟಿಯಲ್ಲಿ ಹೋದ ಆಟೋವನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಚೀಟಿ ನಿಲ್ಲಬೇಕು. ಅದರಲ್ಲಿ ನಿಮ್ಮ ಮಾತು ಸರಿ. ಆದರೆ ಚೀಟಿಯಷ್ಟೇ ಬೇಗ ಬಿಲ್ ಆಗುವಂತೆ ಮಾಡದೆ ಅದನ್ನು ನಿಲ್ಲಿಸಿ ಅಂದರೆ ಯಾರಿಂದಲೂ ಆಗದು.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ ಸಾಲಿಗೆ ಬರುತ್ತೇನೆ. "ಇನ್ಮೇಲೆ ಒಂದು ಮೊಳೆ ಹೋದ್ರೂ ಗೊತ್ತಾಗುತ್ತೆ." ನೀವು ಅದನ್ನು ಖುಷಿಯಲ್ಲೇ ಹೇಳಿರುತ್ತೀರಿ, ಹೊಸದು ತಂದ ಉತ್ಸಾಹದಲ್ಲಿ. ಆದರೆ ಕೇಳಿದವರಿಗೆ ಅದು ಹೇಗೆ ಕೇಳಿಸಿತು ಅಂತ ಯೋಚಿಸಿ. ಇಷ್ಟು ದಿನ ಮೊಳೆ ಹೋಗುತ್ತಿತ್ತು, ಯಾರೋ ಒಯ್ಯುತ್ತಿದ್ದರು, ಅದಕ್ಕೇ ಸಣ್ಣ ಸಾವ್ಕಾರ್ರು ಮಷೀನ್ ತಂದಿದ್ದಾರೆ, ಅಂತ. 26 ವರ್ಷ ಗಲ್ಲಾದ ಪಕ್ಕ ಕೂತವರಿಗೆ ಆ ಮಾತು ಎಲ್ಲಿ ನಾಟಿರಬಹುದು? ಅವತ್ತಿಂದ ಆ ಕಂಪ್ಯೂಟರ್ ಅವರ ಪಾಲಿಗೆ ಕೆಲಸದ ಸಾಮಾನಲ್ಲ, ತಮ್ಮನ್ನು ಕಾಯಲು ಇಟ್ಟ ಕಾವಲುಗಾರ. ಅದರಲ್ಲಿ ಮೈನಸ್ ಬಂದಾಗಲೆಲ್ಲ ತಮ್ಮ ಮೇಲೆ ಆರೋಪ ಬಂತು ಅನ್ನಿಸುತ್ತದೆ. ತನ್ನ ಪುಸ್ತಕವನ್ನು ಅವರು ಬಿಡದೆ ಇಟ್ಟುಕೊಂಡಿರುವುದು ಯಾಕೆ ಅಂದರೆ, ನಾಳೆ ಯಾರಾದರೂ ಕೇಳಿದರೆ ತಾನು ಪ್ರಾಮಾಣಿಕ ಅಂತ ತೋರಿಸಲು ಅವರ ಹತ್ತಿರ ಇರುವುದು ಅದೊಂದೇ. ಆ ಪುಸ್ತಕವನ್ನು ಕಿತ್ತುಕೊಂಡರೆ ಏನಾಗುತ್ತದೆ?

ಏನಾಗುತ್ತದೆ ಅನ್ನುವುದನ್ನು ನಾನು ಒಂದು ಸಲ ಕಣ್ಣಾರೆ ಕಂಡಿದ್ದೇನೆ. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಬೇರೆ ಊರಿನ ಒಂದು ಪೈಪ್ ಅಂಗಡಿ. ಲೆಕ್ಕವನ್ನು ಕಂಪ್ಯೂಟರ್‌ಗೆ ಏರಿಸುವ ಕೆಲಸ ನನಗೇ ಕೊಟ್ಟಿದ್ದರು. ನಾನು ಉದ್ರಿ ಪುಸ್ತಕದಿಂದ ಹೆಸರು ಮತ್ತು ಬಾಕಿ, ಈ ಎರಡು ಕಾಲಂ ಮಾತ್ರ ಎತ್ತಿಕೊಂಡೆ. ಪುಸ್ತಕದ ಅಂಚಿನಲ್ಲಿ ಕೆಲವು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಸಣ್ಣ ಸೊನ್ನೆ ಸುತ್ತಿತ್ತು, ಕೆಲವಕ್ಕೆ ಒಂದು ಅಡ್ಡ ಗೆರೆ. ಗೀಚಿದ್ದಿರಬೇಕು ಅಂತ ಬಿಟ್ಟೆ. ಎರಡು ತಿಂಗಳಲ್ಲಿ ಆ ಗುಮಾಸ್ತರು ಬೇಸರ ಮಾಡಿಕೊಂಡು ಕೆಲಸ ಬಿಟ್ಟರು. ಬಾಕಿ ವಸೂಲಿಗೆ ಹುಡುಗರು ಪಟ್ಟಿ ಹಿಡಿದು ಹೋದಾಗ ಗೊತ್ತಾಯಿತು. ಸೊನ್ನೆ ಇದ್ದವರು ಸುಗ್ಗಿಯಾದ ಮೇಲೆ ತಾವೇ ತಂದು ಕೊಡುವವರು, ಅವರ ಮನೆ ಬಾಗಿಲಿಗೆ ಹೋಗಬಾರದು. ಗೆರೆ ಇದ್ದದ್ದು ಮೇಸ್ತ್ರಿ ಹೆಸರಲ್ಲಿ ಬರೆದ, ಮನೆ ಕಟ್ಟಿಸುವವರು ಕೊಡಬೇಕಾದ ಬಾಕಿ. ಮನೆ ಯಾರದ್ದು ಅಂತ ಪುಸ್ತಕದಲ್ಲೇ ಇರಲಿಲ್ಲ. ಅದು ಆ ಮನುಷ್ಯನಿಗೆ ಮಾತ್ರ ಗೊತ್ತಿತ್ತು. ಒಳ್ಳೆಯ ಗಿರಾಕಿಗಳು ಅವಮಾನ ಆಯಿತು ಅಂತ ಬೇರೆ ಅಂಗಡಿಗೆ ಹೋದರು. ಗೆರೆ ಇದ್ದ ಬಾಕಿಯಲ್ಲಿ ಒಂದಷ್ಟು ಬರಲೇ ಇಲ್ಲ. ತಪ್ಪು ನನ್ನದು. ಅವರ ಪಕ್ಕ ಒಂದು ದಿನ ಕೂತು "ಇದೇನು ಗುರುತು?" ಅಂತ ಕೇಳಿದ್ದರೆ ಸಾಕಿತ್ತು. ಆಮೇಲೆ ನಾನು ಯಾವ ಅಂಗಡಿಗೆ ಹೋದರೂ ಮೊದಲು ನೋಡುವುದು ಪುಸ್ತಕದ ಅಂಚು.

ಹಾಗಂತ ಪುಸ್ತಕವೇ ಶಾಶ್ವತ ಅಂತ ನಾನು ಹೇಳುತ್ತಿಲ್ಲ. ಒಬ್ಬರ ತಲೆಯಲ್ಲಿ ಮಾತ್ರ ಇರುವ ಲೆಕ್ಕ ಅವರಿಗೆ ಹುಷಾರು ತಪ್ಪಿದ ದಿನ ನಿಂತುಹೋಗುತ್ತದೆ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್ ಕೊಡುವ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು. 2025ರ ಸೆಪ್ಟೆಂಬರ್ 22ರಂದು ಸಿಮೆಂಟ್ ಮೇಲಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿಯಿತಲ್ಲ, ಕಂಪ್ಯೂಟರ್ ಇದ್ದವರು ಮಾಸ್ಟರ್‌ನಲ್ಲಿ ಒಂದು ಸಲ ಬದಲಿಸಿ ಮುಂದೆ ಹೋದರು. ಅಂಥ ಕಡೆ ಯಂತ್ರಕ್ಕೆ ಸಾಟಿ ಇಲ್ಲ. ಎರಡು ಲೆಕ್ಕ ಒಟ್ಟಿಗೆ ನಡೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿಯೊಬ್ಬರೂ ತಮಗೆ ಬೇಕಾದಾಗ ಬೇಕಾದದ್ದನ್ನು ನಂಬುತ್ತಾರೆ. ಒಂದು ದಿನ ಒಂದು ಪುಸ್ತಕ ಮುಚ್ಚಲೇಬೇಕು. ಪ್ರಶ್ನೆ ಇರುವುದು ಹೇಗೆ ಮುಚ್ಚಬೇಕು ಅನ್ನುವುದರಲ್ಲಿ.

ಅದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಪಹಣಿ. ನಿಮ್ಮ ಅಪ್ಪನಿಗೆ ಚೆನ್ನಾಗಿ ನೆನಪಿರುತ್ತದೆ. ಒಂದು ಕಾಲಕ್ಕೆ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಟ್ಟಿದ್ದೇ ಪಹಣಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದರು. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು ಸಂಗತಿ. ಏರಿಸಿದ ಲೆಕ್ಕವನ್ನು ಪ್ರಿಂಟ್ ತೆಗೆದು, ಸರಿ ಇದೆಯಾ ಅಂತ ನೋಡಲು ಕೊಟ್ಟಿದ್ದು ಆ ಗ್ರಾಮ ಲೆಕ್ಕಿಗರಿಗೇ. ಪೆನ್ನು ಹಿಡಿದಿದ್ದ ಕೈಯೇ ಹೊಸ ಲೆಕ್ಕವನ್ನು ಒಪ್ಪಬೇಕಿತ್ತು. ಆಮೇಲೆ ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಖಡಾಖಂಡಿತ ಮಾಡಿದರು. ಮೊದಲು ಹಳಬರ ಕಣ್ಣು, ಆಮೇಲೆ ಹಳೇ ಪುಸ್ತಕಕ್ಕೆ ಬೀಗ. ನೀವು ಬೀಗ ಹಾಕಲು ಹೊರಟಿದ್ದೀರಿ, ಕಣ್ಣು ಹಾಯಿಸುವ ಕೆಲಸ ಇನ್ನೂ ಆಗಿಲ್ಲ.

ಸಾಫ್ಟ್‌ವೇರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಅದಕ್ಕೊಂದು ಮಾತು. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದವರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಅವರಿಂದಲೇ ಬರೆಸಿದರು. ಅಂದರೆ ಅಲ್ಲಿ ಬಳಸುವವರು ಮತ್ತು ಬರೆಯುವವರು ಒಂದೇ ಮನೆಯವರು. ನಿಮ್ಮ ಅಂಗಡಿಯಲ್ಲಿ ಸಾಫ್ಟ್‌ವೇರ್ ಹಾಕಿದ ದಿನ ಆ ಹುಡುಗನ ಪಕ್ಕ ಕೂತವರು ಯಾರು? ನೀವು. ದಿನಾ ಬಿಲ್ ಮಾಡಬೇಕಾದವರು ಎದುರಿಗೆ ನಿಂತು ನೋಡುತ್ತಿದ್ದರು. ಬೇರೆ ಸಾಫ್ಟ್‌ವೇರ್ ತಂದರೂ ಇದೇ ರೀತಿ ತಂದರೆ ಇನ್ನೊಂದು ಏಳು ತಿಂಗಳು ಇದೇ ಕಥೆ. ತೂಕದಲ್ಲಿ ಕೊಂಡು ಎಣಿಕೆಯಲ್ಲಿ ಮಾರುವುದಕ್ಕೆ ಎರಡೆರಡು ಅಳತೆ ಇಡುವ ಸೌಲಭ್ಯ ಈಗಿನ ಹೆಚ್ಚಿನ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದೆ. ನಿಮ್ಮದರಲ್ಲಿ ಇದೆಯಾ ಅಂತ ಅವರಿಗೆ ಫೋನ್ ಮಾಡಿ ಕೇಳಿ. ಇಲ್ಲವೇ ಇಲ್ಲ ಅಂದರೆ ಮಾತ್ರ ಬದಲಿಸುವ ಯೋಚನೆ ಮಾಡಿ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲು ಗುಮಾಸ್ತರ ಜೊತೆ ಮಾತಾಡಿ. ಅಂಗಡಿ ಬಾಗಿಲು ಹಾಕಿದ ಮೇಲೆ, ಹುಡುಗರು ಹೋದ ಮೇಲೆ, ಅಪ್ಪನೂ ಇದ್ದರೆ ಒಳ್ಳೆಯದು. ಸುತ್ತಿ ಬಳಸಿ ಹೇಳಬೇಡಿ. "ಅವತ್ತು ನಾನು ಮೊಳೆ ಮಾತು ಆಡಿದ್ದು ತಪ್ಪಾಯ್ತು. ನಿಮ್ಮ ಮನಸ್ಸಿಗೆ ಬೇಜಾರಾಗಿದ್ರೆ ಕ್ಷಮಿಸಿ. ಸರಳಿನ ಲೆಕ್ಕ ಯಾಕೆ ತಪ್ತಿದೆ ಅಂತ ಈಗ ಗೊತ್ತಾಯ್ತು, ಸರಿ ಮಾಡೋಕೆ ನೀವು ಬೇಕು" ಅನ್ನಿ. ಇಷ್ಟು ಸಾಕು. ಅಪ್ಪನ ವಯಸ್ಸಿನವರ ಹತ್ತಿರ ಕ್ಷಮೆ ಕೇಳಿದರೆ ಸಾವ್ಕಾರಿಕೆ ಕಡಿಮೆ ಆಗುವುದಿಲ್ಲ. ಅವತ್ತೇ ಅವರು ಪೂರ್ತಿ ಕರಗಿಬಿಡುತ್ತಾರೆ ಅಂತ ಮಾತ್ರ ಕಾಯಬೇಡಿ. ಮತ್ತೆ "ನೋಡೋಣ ತಮ್ಮಾ" ಅನ್ನಬಹುದು. ಏಳು ತಿಂಗಳ ಗಾಯ ಒಂದು ಸಂಜೆಗೆ ಮಾಯುವುದಿಲ್ಲ.

ಮಾರನೇ ದಿನ ನಿಮ್ಮ ಕ್ಯಾಬಿನ್‌ನ ಕಂಪ್ಯೂಟರ್ ಎತ್ತಿ ಕೌಂಟರ್‌ಗೆ ತನ್ನಿ. ಬೆಳಗಿನ ಎರಡು ಗಂಟೆ ಎರಡು ಕಡೆ ಬಿಲ್ ಆಗಬೇಕು. ಗುಮಾಸ್ತರು ಟೈಪ್ ಮಾಡಬೇಕಾಗಿಲ್ಲ. ಬೆರಳು ಚುರುಕಾಗಿರುವ ಹುಡುಗನೋ ಹುಡುಗಿಯೋ ಅವರ ಪಕ್ಕ ಕೂತು ಹೊಡೆಯಲಿ. ಇವರು ಹೇಳಲಿ, ರೇಟ್ ಒಪ್ಪಲಿ, ಉದ್ರಿ ಕೊಡಬೇಕಾ ಬೇಡವಾ ಅಂತ ತೀರ್ಮಾನಿಸಲಿ. 26 ವರ್ಷದ ಅನುಭವ ಬೇಕಿರುವುದು ಅಲ್ಲಿ. ಬೆಳಗ್ಗೆ ಜಾಸ್ತಿ ಹೋಗುವ ನಲವತ್ತೋ ಐವತ್ತೋ ಐಟಂ ಇರುತ್ತವೆ. ಅವಕ್ಕೆ ಚಿಕ್ಕ ಕೋಡ್ ಕೊಡಿ. ಕೋಡ್ ಅವರ ಬಾಯಲ್ಲಿ ಬರುವಂತೆಯೇ ಇರಲಿ. ಅವರು ಸರಳಿಗೆ "ಎಂಟರದ್ದು" ಅಂದರೆ ಕೋಡ್ 8 ಆಗಲಿ. ಅಕ್ಷರ ದೊಡ್ಡದು ಮಾಡಿಸಿ, ಐಟಂ ಹೆಸರು ಕನ್ನಡದಲ್ಲಿ ಹಾಕಲು ಬರುತ್ತದಾ ನೋಡಿ. ಬಾರ್‌ಕೋಡ್ ಚೀಟಿಗಾಗಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಣ್ಣೆ, ತುಕ್ಕು, ಸಿಮೆಂಟ್ ಧೂಳಿನಲ್ಲಿ ಅದು ನಿಲ್ಲುವುದಿಲ್ಲ. ಪೇಂಟ್ ಡಬ್ಬಿ, ಬೀಗ, ನಲ್ಲಿಗೆ ಸಾಕು. ಒಂದು ಯುಪಿಎಸ್ ಇಡಿ. ಬ್ಯಾಕಪ್ ದಿನಾ ತೆಗೆದು ಮನೆಗೆ ಒಯ್ಯಿರಿ, ಅದೇ ಡ್ರಾಯರ್‌ನಲ್ಲಿ ಇಡಬೇಡಿ.

ಆಮೇಲೆ ಅವರ ಪುಸ್ತಕದ ಪಕ್ಕ ಕೂತುಕೊಳ್ಳಿ. ದಿನಾ ಅರ್ಧ ಗಂಟೆ, ಮಧ್ಯಾಹ್ನ ಊಟ ಆದ ಮೇಲೆ ಗಿರಾಕಿ ಕಡಿಮೆ ಇರುವಾಗ. ಒಂದೊಂದು ಉದ್ರಿ ಹೆಸರು ತೆಗೆದು ಕೇಳಿ. ಯಾವ ಮಂಜಣ್ಣ? ನೀರಿನ ಟ್ಯಾಂಕ್ ಹತ್ತಿರದ ಮಂಜಣ್ಣನಾ, ಬ್ಯಾಂಕ್ ಹಿಂದಿನ ಮಂಜಣ್ಣನಾ? ಮಾಲು ಯಾರ ಮನೆಗೆ ಹೋಗಿದ್ದು? ಹಣ ಯಾರು ಕೊಡುತ್ತಾರೆ, ಯಾವಾಗ? ಇದನ್ನೆಲ್ಲ ಕಂಪ್ಯೂಟರ್‌ನಲ್ಲಿ ಆ ಖಾತೆಯ ಜೊತೆಗೇ ಬರೆಯಿಸಿ. ಸೈಟ್ ಹೆಸರಿಗೆ ಬೇರೆ ಖಾನೆ ಮಾಡಿಸಿ. ಎರಡು ತಿಂಗಳು ಹಿಡಿಯಬಹುದು. ಹಿಡಿಯಲಿ. ನಿಮ್ಮ ಅಪ್ಪನ ಅಂಗಡಿಯ ನಿಜವಾದ ಆಸ್ತಿ ಪಟ್ಟಿ ಅದೇ.

ಅಷ್ಟು ಆದ ಮೇಲೆ ಒಂದು ರಜಾ ದಿನ ಎಲ್ಲರೂ ಸೇರಿ ಗೋಡೌನ್ ಪೂರ್ತಿ ಎಣಿಸಿ. ಎಣಿಸಿದವರು ಒಂದು ಕಡೆ, ಗುಮಾಸ್ತರು ಇನ್ನೊಂದು ಕಡೆ ಸಹಿ ಹಾಕಲಿ. ಆ ಅಂಕಿಯನ್ನು ಕಂಪ್ಯೂಟರ್‌ಗೆ ಕೂರಿಸಿ. ಮಾರನೇ ದಿನದಿಂದ ಪುಸ್ತಕ ಇಲ್ಲ, ಚೀಟಿ ಇಲ್ಲ. ಮಾರ್ಚ್ 31ರ ಎಣಿಕೆಗೆ ಹೊಂದಿಸಿಕೊಂಡರೆ ಹೊಸ ಹಣಕಾಸು ವರ್ಷಕ್ಕೂ ಸರಿ ಹೋಗುತ್ತದೆ. ಹಳೇ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ದೀಪಾವಳಿ ಲಕ್ಷ್ಮಿಪೂಜೆಗೆ ಇಷ್ಟು ವರ್ಷ ಇಟ್ಟು ಪೂಜೆ ಮಾಡಿದ ಪುಸ್ತಕ ಅದು. ಬೀರುವಿನಲ್ಲಿ ಇರಲಿ. ಕಬ್ಬಿಣಕ್ಕೆ ಮಾತ್ರ ಒಂದು ಹೊಸ ರೂಢಿ ಹಾಕಿಕೊಳ್ಳಿ: ಪ್ರತಿ ಲೋಡ್ ಇಳಿದಾಗ ಎಣಿಸಿ, ಆ ಲೋಡಿನ ತೂಕವನ್ನು ಎಣಿಕೆಯಿಂದ ಭಾಗಿಸಿ, ಬಂದ ತೂಕವನ್ನೇ ಕಂಪ್ಯೂಟರ್‌ಗೆ ಕೊಡಿ. ಆಗ 4.74 ಅನ್ನುವ ಸೂತ್ರದ ಅಂಕಿಯಿಂದ ಬಿಡುಗಡೆ.

ಹರಿಹರದ ಬಗ್ಗೆ ಕೊನೆಗೆ ಬರೆಯುತ್ತಿದ್ದೇನೆ. ಅದು ಮುಖ್ಯ ಅಲ್ಲ ಅಂತಲ್ಲ, ಇಷ್ಟೆಲ್ಲ ಹೇಳಿದ್ದೇ ಅದಕ್ಕೋಸ್ಕರ. ಕಾಗದದ ಕೆಲಸ ಸುಲಭ. ಅದೇ ರಾಜ್ಯದಲ್ಲಿ ಬ್ರಾಂಚ್ ಆದ್ದರಿಂದ ಹೊಸ ಜಿಎಸ್‌ಟಿ ನಂಬರ್ ಬೇಡ, ಈಗಿರುವ ನೋಂದಣಿಗೇ ಹೆಚ್ಚುವರಿ ಸ್ಥಳ ಅಂತ ಸೇರಿಸಿದರೆ ಸಾಕು. ಇಲ್ಲಿಂದ ಅಲ್ಲಿಗೆ ಸ್ಟಾಕ್ ಕಳಿಸಲು ಮಾಲಿನ ವಿವರ ಬರೆದ ಡೆಲಿವರಿ ಚಲನ್ ನಡೆಯುತ್ತದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಗಣೆಗೆ ಆನ್‌ಲೈನ್‌ನಲ್ಲಿ ತೆಗೆಯುವ ಇ-ವೇ ಬಿಲ್ ಬೇಕು. ಕಷ್ಟ ಇರುವುದು ಹಣದ ಲೆಕ್ಕದಲ್ಲಿ.

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎಲ್ಲರೂ ಬಾಡಿಗೆ, ರ‍್ಯಾಕು, ಬೋರ್ಡು, ಮೊದಲ ಸ್ಟಾಕು ಬರೆಯುತ್ತಾರೆ. ಉದ್ರಿ ಬರೆಯುವುದಿಲ್ಲ. ಉದಾಹರಣೆಗೆ ಹರಿಹರದಲ್ಲಿ ತಿಂಗಳಿಗೆ 10 ಲಕ್ಷ ವ್ಯಾಪಾರ ಅಂದುಕೊಳ್ಳಿ. ಅದರಲ್ಲಿ 6 ಲಕ್ಷ ಉದ್ರಿ, ಸರಾಸರಿ ಎರಡೂವರೆ ತಿಂಗಳಿಗೆ ವಾಪಸ್ ಬರುತ್ತದೆ. ಅಂದರೆ ಯಾವಾಗಲೂ 15 ಲಕ್ಷ ನಿಮ್ಮ ಕೈಯಲ್ಲಿ ಇರುವುದಿಲ್ಲ, ಊರಿನ ಗೋಡೆಗಳಲ್ಲಿ ಇರುತ್ತದೆ. ಶೇಕಡ 11ರ ಬಡ್ಡಿಯಲ್ಲಿ ಅದಕ್ಕೆ ತಿಂಗಳಿಗೆ 13,750 ರೂಪಾಯಿ. ಇದರ ಜೊತೆ ಇನ್ನೊಂದು ಇದೆ. ಉದ್ರಿ ಬರಲಿ ಬಿಡಲಿ, ಬಿಲ್ ಆದ ತಿಂಗಳ ಜಿಎಸ್‌ಟಿಯನ್ನು ಖರೀದಿ ತೆರಿಗೆ (ಮಾಲು ಕೊಳ್ಳುವಾಗ ನೀವು ಕೊಟ್ಟ ಜಿಎಸ್‌ಟಿ) ಕಳೆದು ಕಟ್ಟಲೇಬೇಕು. ಕೊಂಡ ಮಾಲಿನ ಹಣವನ್ನು ನೀವು 180 ದಿನದಲ್ಲಿ ಕೊಡದಿದ್ದರೆ, ಹಾಗೆ ಕಡಿತ ಪಡೆದ ಖರೀದಿ ತೆರಿಗೆಯನ್ನೂ ವಾಪಸ್ ಕಟ್ಟಬೇಕಾಗುತ್ತದೆ. ಮೊದಲ ವರ್ಷದಲ್ಲಿ ಬ್ರಾಂಚ್‌ನ ಕುತ್ತಿಗೆ ಹಿಡಿಯುವುದು ಈ ಹಣ, ರ‍್ಯಾಕು ಬೋರ್ಡಿನ ಖರ್ಚಲ್ಲ.

ಈಗ ಹೇಳಿ, ಆ ಎರಡೂವರೆ ತಿಂಗಳು ಅನ್ನುವ ಅಂಕಿ ನಿಮಗೆ ಎಲ್ಲಿ ಸಿಗುತ್ತದೆ? ನಿಮ್ಮ ಸುತ್ತಮುತ್ತ ಮೆಕ್ಕೆಜೋಳದ ಹಣ ಯಾವಾಗ ಕೈಗೆ ಬರುತ್ತದೆ, ಭದ್ರಾ ನಾಲೆಯ ಭತ್ತದ ಹಣ ಯಾವಾಗ, ಮಳೆಗಾಲದಲ್ಲಿ ಕಟ್ಟಡದ ಕೆಲಸ ಎಷ್ಟು ದಿನ ನಿಲ್ಲುತ್ತದೆ, ಆಗ ಯಾವ ಮೇಸ್ತ್ರಿ ಬಾಕಿ ಎಳೆಯುತ್ತಾರೆ. ಇದು ಗುಮಾಸ್ತರ ಪುಸ್ತಕದಲ್ಲಿ ಇದೆ. ಕಂಪ್ಯೂಟರ್‌ನಲ್ಲಿ ಇರುವುದು ಏಳು ತಿಂಗಳು, ಒಂದು ವರ್ಷವೂ ತುಂಬಿಲ್ಲ. ಹಿಂದಿನ ಮೂರು ವರ್ಷದ ಪುಸ್ತಕದಿಂದ ಮೂವತ್ತು ಖಾತೆ ಆರಿಸಿ, ಮಾಲು ಹೋದ ದಿನ ಮತ್ತು ಹಣ ಬಂದ ದಿನ ಬರೆಯಿರಿ. ನಿಮ್ಮ ಸರಾಸರಿ ಸಿಗುತ್ತದೆ. ಆ ಒಂದು ಪುಟವನ್ನು ಯಾವ ಕನ್ಸಲ್ಟಂಟ್ ಕೂಡ ನಿಮಗೆ ಬರೆದುಕೊಡಲಾರ.

ಬ್ಯಾಂಕಿನವರು ಸಿಸಿ ಲಿಮಿಟ್ (ಸ್ಟಾಕು, ಬಾಕಿಯ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಮಿತಿ) ಕೊಟ್ಟರೆ ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸ್ಟಾಕ್‌ನಲ್ಲಿ ನಿಮ್ಮ ಸ್ವಂತ ಹಣದ ಪಾಲು ಅಂತ ಒಂದು ಭಾಗ (ಮಾರ್ಜಿನ್) ಕಳೆದು, ತುಂಬಾ ಹಳೆಯ ಬಾಕಿಗಳನ್ನು ಬಿಟ್ಟು, ಎಷ್ಟು ಹಣ ತೆಗೆಯಬಹುದು ಅಂತ ಗೊತ್ತು ಮಾಡುತ್ತಾರೆ. ಒಂದು ದಿನ ಬಂದು ಗೋಡೌನ್ ನೋಡಲೂಬಹುದು. ಮೈನಸ್ ತೋರಿಸುವ ಸ್ಟಾಕ್ ಇಟ್ಟುಕೊಂಡು ಆ ಕಾಗದಕ್ಕೆ ಸಹಿ ಹಾಕಬೇಡಿ. ದಯವಿಟ್ಟು. ಒಂದು ಅಂಗಡಿಯ ತಪ್ಪು ಲೆಕ್ಕದ ಮೇಲೆ ಎರಡನೇ ಅಂಗಡಿ ಎಬ್ಬಿಸಿದರೆ ತಪ್ಪು ಎಲ್ಲಿಂದ ಬಂತು ಅಂತ ಹುಡುಕಲೂ ಆಗುವುದಿಲ್ಲ.

ಹರಿಹರದಲ್ಲಿ ಕೌಂಟರ್ ಮೇಲೆ ಯಾರು ಕೂರುತ್ತಾರೆ ಅಂತ ನೀವು ಬರೆದಿಲ್ಲ. ಹೊಸ ಊರಿನಲ್ಲಿ ಯಾರಿಗೆ ಉದ್ರಿ ಕೊಡಬಹುದು ಅಂತ ಮುಖ ನೋಡಿ ಹೇಳುವವರು ಒಬ್ಬರು ಬೇಕು. ಮೊದಲ ಆರು ತಿಂಗಳು ವಾರಕ್ಕೆ ಎರಡು ದಿನ ನಿಮ್ಮ ಗುಮಾಸ್ತರನ್ನೇ ಅಲ್ಲಿಗೆ ಕರೆದುಕೊಂಡು ಹೋಗುವ ಬಗ್ಗೆ ಯೋಚಿಸಿ. ಬಸ್ಸಿಗೆ ಕಳಿಸಬೇಡಿ, ನಿಮ್ಮ ಗಾಡಿಯಲ್ಲಿ ಕರೆದೊಯ್ಯಿರಿ. ಸಂಬಳ ಎಷ್ಟು ಏರಿಸುತ್ತೀರಿ ಅನ್ನುವುದನ್ನೂ ಮೊದಲೇ ಹೇಳಿ.

ಎಣಿಕೆ ಮುಗಿಸಿ ಮೂರು ತಿಂಗಳಾದ ಮೇಲೆ ಹತ್ತು ಐಟಂ ಆರಿಸಿ: 8 ಎಂಎಂ, 12 ಎಂಎಂ, ಸಿಮೆಂಟ್, ಒಂದು ಪೈಪು, ಒಂದು ವೈರು, ಎರಡು ಥರದ ಮೊಳೆ, ಉಳಿದದ್ದು ನಿಮ್ಮಿಷ್ಟ. ಗೋಡೌನ್‌ನಲ್ಲಿ ಎಣಿಸಿ, ಕಂಪ್ಯೂಟರ್ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ಬರೆಯುವ ಕೆಲಸ ಗುಮಾಸ್ತರೇ ಮಾಡಲಿ. ಆ ಕಾಗದದ ಫೋಟೋ ನನಗೆ ಕಳಿಸಿ. ಪ್ರಾಜೆಕ್ಟ್ ರಿಪೋರ್ಟ್‌ಗೆ ಅದನ್ನು ಇಟ್ಟುಕೊಂಡು ಕೂರೋಣ.